ಸಾಲುಮರಗಳು: ರಾಯದುರ್ಗ ಮತ್ತು ಮಡಕಶಿರಾ ಸೀಮೆ

ರಸ್ತೆ, ರೈಲುಹಳಿ, ಕಾಲುವೆ, ಹೊಳೆದಂಡೆ, ಕೆರೆ ಏರಿ ಇವುಗಳ ಅಂಚಿನಲ್ಲಿ ಸಾಲಾಗಿ ನೆಟ್ಟು ಬೆಳೆಸುವ ಮರಗಳಿಗೆ ಸಾಲುಮರಗಳೆಂದು ಹೆಸರು. ಅರಣ್ಯ ಇಲಾಖೆಯ ಕಡತದಲ್ಲಿ ಇವು ರಸ್ತೆಬದಿ ನೆಡುತೋಪು, ಕಾಲುವೆಬದಿ ನೆಡುತೋಪು. ಕಾಡಿಗೂ ತೋಪಿಗೂ ಇಲ್ಲದ ತೊಡಕೊಂದು ಸಾಲುಮರಕ್ಕಿದೆ. ಉದ್ದ ಹತ್ತಾರು ಕಿಲೋಮೀಟರು, ಅಗಲ ಕೆಲವೇ ಅಡಿ. ಸುತ್ತ ಬೇಲಿ ಹಾಕುವಂತಿಲ್ಲ, ಒಬ್ಬ ಕಾವಲುಗಾರ ನಿಂತಲ್ಲಿಂದ ಕಣ್ಣಿಗೆ ನಿಲುಕುವುದಿಲ್ಲ. ಒಂದು ಬದಿಗೆ ಓಡುವ ಲಾರಿ, ಇನ್ನೊಂದು ಬದಿಗೆ ರೈತನ ಹೊಲ, ಮೇಲೆ ವಿದ್ಯುತ್ ತಂತಿ, ಕೆಳಗೆ ಕುಡಿಯುವ ನೀರಿನ ಕೊಳವೆ. ಇಷ್ಟರ ನಡುವೆ ಮರ ಬೆಳೆಯಬೇಕು. ನೆಡುವುದು ಈ ವಿದ್ಯೆಯ ಚಿಕ್ಕ ಭಾಗ. ನೆಟ್ಟದ್ದನ್ನು ಯಾರು, ಎಷ್ಟು ವರ್ಷ, ಯಾರ ಹಣದಲ್ಲಿ ನೋಡಿಕೊಳ್ಳಬೇಕೆಂಬುದೇ ಇದರ ಮುಖ್ಯ ಪ್ರಶ್ನೆ.

ಈ ಪ್ರಶ್ನೆಯನ್ನು ಹತ್ತಿರದಿಂದ ನೋಡಲು ರಾಯದುರ್ಗ ಮತ್ತು ಮಡಕಶಿರಾ ತಕ್ಕ ಜಾಗಗಳು. ಎರಡೂ ಆಂಧ್ರಪ್ರದೇಶದ ಗಡಿಯಲ್ಲಿರುವ, ಕನ್ನಡ ಮನೆಮಾತಿನವರು ದೊಡ್ಡ ಸಂಖ್ಯೆಯಲ್ಲಿರುವ ಸೀಮೆಗಳು. ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರು, ಆದೋನಿಗಳಂತೆ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಆಗಲೇ ಅನಂತಪುರ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್ 4ರಂದು ಜಿಲ್ಲೆಗಳ ಮರುವಿಂಗಡಣೆಯಾದ ಮೇಲೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮಡಕಶಿರಾ, ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರ ಮಂಡಲಗಳು ಪಾವಗಡ, ಶಿರಾ, ಮಧುಗಿರಿ ತಾಲೂಕುಗಳ ನಡುವೆ ಕರ್ನಾಟಕದೊಳಕ್ಕೆ ಚಾಚಿಕೊಂಡಿವೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಅಮರಾಪುರ ಮಂಡಲದಲ್ಲಿದೆ. ಶಿರಾದಿಂದ ಅಗಳಿ, ರೊಳ್ಳದ ಮೇಲೆ ಮಡಕಶಿರಾಕ್ಕೂ ಅಲ್ಲಿಂದ ಹಿಂದೂಪುರಕ್ಕೂ ಹೋಗುವ ದಾರಿಯಲ್ಲಿ ಅದೇ ರಸ್ತೆ, ಅದೇ ಹುಣಸೆ, ಅದೇ ಮಾತು. ಮರಕ್ಕೆ ಅನ್ವಯಿಸುವ ಕಾನೂನು ಮಾತ್ರ ಗಡಿಕಲ್ಲು ದಾಟಿದೊಡನೆ ಬದಲಾಗುತ್ತದೆ.

ಮಳೆಯ ವಿಚಾರದಲ್ಲಿ ಇದು ಬಡ ನಾಡು. ಅವಿಭಜಿತ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಸುಮಾರು 550 ಮಿ.ಮೀ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವುದರಿಂದ ಮುಂಗಾರು ಇಲ್ಲಿಗೆ ಬರುವಷ್ಟರಲ್ಲಿ ಬಸವಳಿದಿರುತ್ತದೆ, ಹಿಂಗಾರು ಪೂರ್ವ ಕರಾವಳಿಯಲ್ಲೇ ಖಾಲಿಯಾಗಿರುತ್ತದೆ. ಜೂನಿನಲ್ಲಿ ಹದ ಮಳೆ ಬಿದ್ದರೂ ಜುಲೈ ಪೂರ್ತಿ ಗಾಳಿ, ಮೋಡ, ತುಂತುರು. ನಿಜವಾದ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ. ಸಾಲುಮರದ ಸೋಲು ಗೆಲುವುಗಳಲ್ಲಿ ಅರ್ಧ ಈ ಮಳೆಯ ಲೆಕ್ಕದಲ್ಲೇ ಅಡಗಿದೆ. ವನಮಹೋತ್ಸವದ ಭಾಷಣ ಜುಲೈಯಲ್ಲಿ ಮುಗಿಯುತ್ತದೆ. ಆಗ ನೆಟ್ಟ ಸಸಿಗೆ ಬೇರು ಬಿಡುವ ಮೊದಲೇ ಐದಾರು ವಾರದ ಒಣಗಾಳಿ ಬಡಿಯುತ್ತದೆ.

ಇತಿಹಾಸ

ದಾರಿಯ ಪಕ್ಕ ಮರ ನೆಡುವುದನ್ನು ರಾಜನ ಕರ್ತವ್ಯವೆಂದು ಸಾರಿದ ಶಾಸನ ಇಲ್ಲಿಗೆ ದೂರದ್ದೇನಲ್ಲ. ಅಶೋಕನ ಎರಡನೆಯ ಬಂಡೆ ಶಾಸನ ಮನುಷ್ಯರಿಗೂ ಪ್ರಾಣಿಗಳಿಗೂ ಅನುಕೂಲವಾಗಲೆಂದು ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದ್ದನ್ನು ಹೇಳುತ್ತದೆ. ಅದರ ಒಂದು ಪ್ರತಿ ಗುತ್ತಿಯ ಸಮೀಪದ ಎರ್ರಗುಡಿಯ ಬಂಡೆಗಳ ಮೇಲಿದೆ. ರಾಯದುರ್ಗಕ್ಕೆ ಇನ್ನೂ ಹತ್ತಿರ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಆದರೆ ಅವು ಕಿರು ಶಾಸನಗಳು, ಮರದ ಮಾತು ಅವುಗಳಲ್ಲಿಲ್ಲ. ಅಶೋಕನು ಸಾಲುಮರ ನೆಡಿಸಿದನೆಂದು ಶಾಲೆಯಲ್ಲಿ ಬಾಯಿಪಾಠ ಮಾಡುವ ಈ ಭಾಗದ ಮಕ್ಕಳನ್ನು ಎರ್ರಗುಡಿಗೆ ಒಮ್ಮೆ ಕರೆದೊಯ್ದರೆ ಪಾಠಕ್ಕೆ ಕಲ್ಲಿನ ಸಾಕ್ಷಿ ಸಿಕ್ಕೀತು.

ವಿಜಯನಗರದ ಕಾಲಕ್ಕೆ ಬಂದರೆ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ನಾಗಲಾಪುರದಿಂದ, ಅಂದರೆ ಇಂದಿನ ಹೊಸಪೇಟೆಯಿಂದ, ರಾಜಧಾನಿಗೆ ಹೋಗುವ ಅಗಲವಾದ ಬೀದಿಯಲ್ಲಿ ದಾರಿಹೋಕರಿಗೆ ನೆರಳಾಗಲೆಂದು ನೆಟ್ಟ ಮರಗಳನ್ನು ಕಂಡು ಬರೆದಿದ್ದಾನೆ. ಹಳ್ಳಿಗಳ ಮಟ್ಟದಲ್ಲಿ ಅದೇ ಕೆಲಸವನ್ನು ಗುಂಡುತೋಪು, ಅರಳಿಕಟ್ಟೆ, ಅರವಟ್ಟಿಗೆಗಳು ಮಾಡುತ್ತಿದ್ದವು. ಮಡಕಶಿರಾ ಕಡೆಯ ಹಳೆಯ ದಾರಿಗಳಲ್ಲಿ ಮರ, ಬಾವಿ, ಹೊರೆ ಇಳಿಸಿಕೊಳ್ಳಲು ನೆಟ್ಟ ಕಲ್ಲು ಈ ಮೂರೂ ಒಂದೇ ಕಡೆ ಇರುತ್ತಿದ್ದುದು ಆಕಸ್ಮಿಕವಲ್ಲ. ಸಂತೆಗೆ ತಲೆಹೊರೆಯಲ್ಲಿ ಹೋಗುವವರು ನಿಲ್ಲುವ ದೂರ ಅಷ್ಟೇ.

1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲವೆಂದು ಕರೆಸಿಕೊಂಡ ಈ ಪ್ರದೇಶವನ್ನು ಥಾಮಸ್ ಮನ್ರೊ 1807ರವರೆಗೆ ನೋಡಿಕೊಂಡ. ಮುಂದೆ 1876–78ರ ಮಹಾ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡಲು ರಸ್ತೆಗಳನ್ನು ಕಟ್ಟಿಸಲಾಯಿತು. ಆ ರಸ್ತೆಗಳ ಮರಗಳು 1884ರ ಸ್ಥಳೀಯ ಬೋರ್ಡುಗಳ ಕಾಯ್ದೆಯ ನಂತರ ಜಿಲ್ಲಾ ಮತ್ತು ತಾಲೂಕು ಬೋರ್ಡುಗಳ ಕೈಗೆ ಬಂದವು. ಬೋರ್ಡಿನವರ ಕ್ರಮ ಸರಳ. ಪ್ರತಿ ಮರದ ಕಾಂಡಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಅದರ ಮೇಲೆ ಒಂದು ಸಂಖ್ಯೆ. ಸಂಖ್ಯೆ ದಫ್ತರದಲ್ಲಿ ಮರದ ಲೆಕ್ಕಕ್ಕೆ, ಸುಣ್ಣ ಕತ್ತಲಲ್ಲಿ ಗಾಡಿ ಹೊಡೆಯುವವನಿಗೆ. ಹುಣಸೆ ಫಸಲನ್ನು ವರ್ಷವರ್ಷವೂ ಹರಾಜು ಹಾಕಿ, ಬಂದ ಹಣವನ್ನು ಬೋರ್ಡಿನ ಲೆಕ್ಕಕ್ಕೆ ಜಮಾ ಮಾಡುತ್ತಿದ್ದರು. ಹರಾಜು ಹಿಡಿದವನು ಜನವರಿಯಿಂದ ಏಪ್ರಿಲ್‌ವರೆಗೆ ತನ್ನ ಆಳು ನಿಲ್ಲಿಸಿ ಮರ ಕಾಯುತ್ತಿದ್ದ. ಮರಕ್ಕೆ ಕಾವಲು ಸರ್ಕಾರದ ಖರ್ಚಿಲ್ಲದೆ ಸಿಗುತ್ತಿತ್ತು. ಇಂದಿಗೂ ಈ ಸೀಮೆಯಲ್ಲಿ ಉಳಿದಿರುವ ಹಳೆಯ ಸಾಲುಗಳಲ್ಲಿ ಹುಣಸೆಯದೇ ಮೇಲುಗೈ. ಗಟ್ಟಿ ಜಾತಿ ಎಂಬುದು ಒಂದು ಕಾರಣ, ಹರಾಜು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ ಸಾಮಾಜಿಕ ಅರಣ್ಯವನ್ನು ಶಿಫಾರಸು ಮಾಡಿದ ಮೇಲೆ ಕಥೆ ಬೇರೆ ದಾರಿ ಹಿಡಿಯಿತು. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆ 1983–84ರಲ್ಲಿ ಶುರುವಾಯಿತು. ಆಂಧ್ರದಲ್ಲೂ ಅದೇ ಹೊತ್ತಿಗೆ ಅಂಥದ್ದೇ ಕೆಲಸ ನಡೆಯಿತು. ಬೇಗ ಎತ್ತರವಾಗಿ ಕಾಣಬೇಕು, ದನ ಮುಟ್ಟಬಾರದು ಎಂಬ ಎರಡೇ ಷರತ್ತಿಗೆ ಸರಿಹೊಂದಿದ ನೀಲಗಿರಿ, ಅಕೇಸಿಯಾ ರಸ್ತೆಬದಿಗೆ ಬಂದವು. ನೆರಳಿಲ್ಲ, ಹಣ್ಣಿಲ್ಲ, ಹಕ್ಕಿಯಿಲ್ಲ. ಕಡಿದು ಮಾರಿದ ಮೇಲೆ ಜಾಗ ಮತ್ತೆ ಬರಿದು.

ಮರಗಳ ಆಯ್ಕೆ

ಎರಡು ಭಾಷೆಯ ನಾಡಾದ್ದರಿಂದ ಒಂದೊಂದು ಮರಕ್ಕೂ ಇಲ್ಲಿ ಎರಡೆರಡು ಹೆಸರು. ಬೇವು ವೇಪ, ಹುಣಸೆ ಚಿಂತ, ಹೊಂಗೆ ಕಾನುಗ, ಆಲ ಮರ್ರಿ, ಅರಳಿ ರಾವಿ. ಕೂಲಿಯವರ ಹಾಜರಿ ಪುಸ್ತಕ ತೆಲುಗಿನಲ್ಲಿ, ಗುಂಡಿ ತೋಡುವವರ ಮಾತು ಕನ್ನಡದಲ್ಲಿ ಇರುವುದು ಮಡಕಶಿರಾದಲ್ಲಿ ಸಾಮಾನ್ಯ.

ಹುಣಸೆ ನಿಧಾನದ ಮರ. ಬೀಜದಿಂದ ಎದ್ದ ಗಿಡ ಫಲ ಕೊಡಲು ಏಳೆಂಟು ವರ್ಷವಾದರೂ ಬೇಕು. ಒಮ್ಮೆ ನೆಲೆ ಹಿಡಿಯಿತೆಂದರೆ ನೂರು ವರ್ಷಕ್ಕೂ ಮಿಕ್ಕಿ ನಿಲ್ಲುತ್ತದೆ. ಬೇರು ಆಳಕ್ಕಿಳಿಯುತ್ತದೆ, ಕೊಂಬೆ ಬಳುಕುತ್ತದಾದರೂ ಗಾಳಿಗೆ ಮುರಿಯುವುದು ಕಡಿಮೆ. ಹುಣಸೆಹಣ್ಣಿನ ಪೇಟೆಯೆಂದು ಹೆಸರಾದ ಹಿಂದೂಪುರ ಹತ್ತಿರವೇ ಇರುವುದರಿಂದ ಮಡಕಶಿರಾದ ಮರದಿಂದ ಉದುರಿದ್ದಕ್ಕೆ ಗಿರಾಕಿ ಹುಡುಕಬೇಕಾಗಿಲ್ಲ. ಹುಣಸೆ ಬಡಿಯುವ ಕಾಲದಲ್ಲಿ ರಸ್ತೆಯ ಮೇಲೆ ಟಾರ್ಪಾಲು ಹಾಸಿ, ಉದ್ದನೆ ಗಳ ಹಿಡಿದವರು ಮೇಲೆ, ಆರಿಸುವ ಹೆಂಗಸರು ಕೆಳಗೆ. ಹಣ್ಣು ಮನೆಗೆ ಹೋದ ಮೇಲೆ ನಾರು, ಬೀಜ ಬಿಡಿಸುವ ಕೆಲಸವೂ ಅವರದೇ. ಬೇಸಿಗೆಯಲ್ಲಿ ಹೊಲದ ಕೂಲಿ ಇಲ್ಲದ ತಿಂಗಳುಗಳಲ್ಲಿ ಇದೊಂದು ಸಂಪಾದನೆ. ಮರ ಕಡಿದು ರಸ್ತೆ ಅಗಲ ಮಾಡುವ ಯೋಜನಾ ವರದಿಗಳಲ್ಲಿ ಈ ಸಂಪಾದನೆಯ ಅಂಕಣವೇ ಇರುವುದಿಲ್ಲ.

ರಾಯದುರ್ಗದ ಕಡೆ ಬೇವಿಗೆ ಮೊದಲ ಮಣೆ. ಕಲ್ಲುನೆಲ, ಬಿಸಿಲು, ಸುಣ್ಣದಂಶ ಎಲ್ಲವನ್ನೂ ತಡೆಯುತ್ತದೆ. ಎಲೆ ಕಹಿಯಾದ್ದರಿಂದ ದನ ಬೇಗ ಬಾಯಿ ಹಾಕುವುದಿಲ್ಲ. ಆದರೆ ಬರ ಬಿದ್ದಾಗ ಕುರಿ, ಮೇಕೆಯವರು ಬೇವಿನ ಕೊಂಬೆಯನ್ನೂ ಸವರುತ್ತಾರೆ. ನರ್ಸರಿಯವರಿಗೆ ಬೇವಿನಲ್ಲಿ ಒಂದೇ ಎಚ್ಚರ ಬೇಕು: ಬೀಜ ಉದುರಿದ ಎರಡು ಮೂರು ವಾರದೊಳಗೆ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ಬೀಳುವ ಜೂನ್, ಜುಲೈಯಲ್ಲೇ ತಿರುಳು ತೊಳೆದು ಬಿತ್ತಬೇಕು, ಟೆಂಡರು ಕರೆದು ಕಾಯುವಂತಿಲ್ಲ. ಹೊಂಗೆಗೆ ಕೆರೆ, ಕಾಲುವೆ, ಹಳ್ಳದ ಬದಿಯೇ ಒಗ್ಗುತ್ತದೆ; ವರ್ಷದಲ್ಲಿ ಕೆಲವು ವಾರ ಬೇರಿಗೆ ನೀರು ನಿಂತರೂ ಬದುಕುತ್ತದೆ, ಸೊಪ್ಪು ಗದ್ದೆಗೆ ಗೊಬ್ಬರ, ಬೀಜ ಎಣ್ಣೆಗೆ.

ಆಲ, ಬಸರಿ, ಗೋಣಿಗಳ ವಿಧಾನವೇ ಬೇರೆ. ಆಳೆತ್ತರಕ್ಕೂ ಮಿಕ್ಕಿದ ದಪ್ಪ ಕೊಂಬೆಯನ್ನು ಕಡಿದು, ತುದಿಗೆ ಸಗಣಿ ಮೆತ್ತಿ, ಮಳೆಗಾಲದ ಆರಂಭದಲ್ಲಿ ನೆಲಕ್ಕೆ ಹೂಳಿದರೆ ಅದೇ ಚಿಗುರುತ್ತದೆ. ಚಿಗುರು ಮೇಕೆಯ ಬಾಯಿಗೆ ಸಿಗದಷ್ಟು ಮೇಲೆ ಬರುವುದೇ ಇದರ ಜಾಣತನ. ರಾಮನಗರ ಸೀಮೆಯ ಮಾಗಡಿ ತಾಲೂಕಿನಲ್ಲಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ಸುಮಾರು 4 ಕಿ.ಮೀ. ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ್ದೂ ಆಲವನ್ನೇ. ಮೊದಲ ವರ್ಷ ಹತ್ತು ಗಿಡ, ಆಮೇಲೆ ವರ್ಷಕ್ಕೆ ಇನ್ನಷ್ಟು. ಕೊಡದಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಕಾದರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ವಿಸ್ತರಣೆಗೆ ಆ ಮರಗಳು ಬಲಿಯಾಗುವ ಭಯ ಹುಟ್ಟಿ, ಅವರು ಮುಖ್ಯಮಂತ್ರಿಯವರೆಗೆ ಹೋಗಬೇಕಾಯಿತು. 2025ರ ನವೆಂಬರ್ 14ರಂದು ತೀರಿಕೊಂಡರು. ಅವರನ್ನು ತಾಯ್ತನದ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ನಿರ್ವಹಣೆಯ ಕಥೆಯಾಗಿ ಓದಿದವರು ಕಡಿಮೆ. ಇಬ್ಬರ ಕೈಯಲ್ಲಿ ಆಗುವಷ್ಟನ್ನೇ ಪ್ರತಿವರ್ಷ ನೆಟ್ಟು, ಅದು ಉಳಿದ ಮೇಲೆ ಮುಂದಕ್ಕೆ ಹೋಗುವುದು ಎಂಬ ಕ್ರಮ ಯಾವ ಸರ್ಕಾರಿ ಗುರಿಪಟ್ಟಿಯಲ್ಲೂ ಇಲ್ಲ.

ಇನ್ನು ಬಳ್ಳಾರಿ ಜಾಲಿ. ತೆಲುಗಿನವರಿಗೆ ಇದು ಸರ್ಕಾರು ತುಮ್ಮ. ಅಮೆರಿಕ ಖಂಡದ ಈ ಗಿಡ ಜಮೈಕಾದ ಬೀಜದಿಂದ 1877ರ ಸುಮಾರಿಗೆ ಕಡಪ ಜಿಲ್ಲೆಯ ಕಮಲಾಪುರಕ್ಕೆ ಬಂತು. ಬರನಾಡಿಗೆ ಸೌದೆಯಾಗಲೆಂಬುದು ಉದ್ದೇಶ. ಯಾರೂ ನೆಡದೆ, ನೀರು ಹಾಕದೆ, ರಾಯದುರ್ಗದಲ್ಲಿ ರಸ್ತೆ, ಹಳಿ, ಕಾಲುವೆ ಮೂರರ ಅಂಚನ್ನೂ ಇಂದು ಅದೇ ತುಂಬಿಕೊಂಡಿದೆ. ಕುರಿ ತಿಂದ ಕಾಯಿಯ ಬೀಜ ಹಿಕ್ಕೆಯಲ್ಲಿ ದಾರಿಯುದ್ದಕ್ಕೂ ಬಿತ್ತನೆಯಾಗುತ್ತದೆ. ತಿರುವಿನಲ್ಲಿ ಎದುರಿನ ಗಾಡಿ ಕಾಣದಂತೆ ಮಾಡುವುದು, ಕಾಲುವೆಯ ಒಳಕ್ಕೆ ಬಾಗಿ ಹರಿವನ್ನು ತಡೆಯುವುದು, ಬೇರೆ ಸಸಿಗಳಿಗೆ ಜಾಗ ಬಿಡದಿರುವುದು ಇದರ ಮೇಲಿನ ದೂರುಗಳು. ಇದ್ದಿಲು ಸುಡುವವರಿಗೆ ಇದೇ ಅನ್ನ. ಹೊಸ ಸಸಿಯ ಸುತ್ತ ಕಟ್ಟಲು ಅಗ್ಗದ ಮುಳ್ಳೂ ಇದರದ್ದೇ.

ನೆಡುವಿಕೆ ಮತ್ತು ನೀರು

5 ಮೀಟರಿಗೊಂದರಂತೆ ಎರಡೂ ಬದಿ ನೆಟ್ಟರೆ ಕಿಲೋಮೀಟರಿಗೆ 400 ಸಸಿ. ಹುಣಸೆ, ಆಲಗಳಿಗೆ ಇಷ್ಟು ಇಕ್ಕಟ್ಟು ಸಲ್ಲದು, ಅವಕ್ಕೆ 10 ಮೀಟರಾದರೂ ಬೇಕು. ಮೆತ್ತನೆಯ ಕೆಂಪು ಮಣ್ಣಿನಲ್ಲಿ 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ಸಾಕು. ರಾಯದುರ್ಗದ ರಸ್ತೆಬದಿಯ ನೆಲ ಹಾಗಿರುವುದಿಲ್ಲ. ರಸ್ತೆ ಹಾಕುವಾಗ ಗರಸು ಸುರಿದು ರೋಲರು ಓಡಿಸಿದ ನೆಲ ಅದು. ಗಡಾರಿ ಹಾಕಿದರೆ ಕಿಡಿ ಹಾರುತ್ತದೆ, ಒಂದು ಅಡಿಗೇ ಕೂಲಿಯವರು ಸುಸ್ತಾಗುತ್ತಾರೆ. ಲೆಕ್ಕಕ್ಕೆ ಗುಂಡಿ ತುಂಬುತ್ತದೆ, ಬೇರಿಗೆ ಮಾತ್ರ ಅದು ಹೂವಿನ ಕುಂಡ. ಅಂಥ ಕಡೆ ಒಂದು ಮೀಟರ್ ಆಳ ತೋಡಿ, ಗರಸನ್ನು ಆಚೆ ಎಸೆದು, ಕೆರೆಯ ಗೋಡುಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬದೆ ನೆಟ್ಟರೆ ಸಸಿ ಮೂರು ವರ್ಷ ಬದುಕಿಯೂ ಮೊಣಕಾಲೆತ್ತರ ದಾಟುವುದಿಲ್ಲ.

ನೀರಿನ ಲೆಕ್ಕವನ್ನು ಹೀಗೆ ಹಾಕಬಹುದು. ಸಸಿಗೆ ಒಂದು ಸಲಕ್ಕೆ 20 ಲೀಟರು ಹಿಡಿದರೆ 400 ಸಸಿಗೆ 8,000 ಲೀಟರು. ಫೆಬ್ರವರಿಯಿಂದ ಮೇವರೆಗಿನ 16 ವಾರದಲ್ಲಿ ವಾರಕ್ಕೊಮ್ಮೆ ಹಾಕಿದರೂ 1,28,000 ಲೀಟರು. 5,000 ಲೀಟರಿನ ಟ್ಯಾಂಕರು 26 ಸಲ ಬರಬೇಕು. ಇದು ಒಂದು ಕಿಲೋಮೀಟರಿನ ಒಂದು ಬೇಸಿಗೆ. ಮೂರು ಬೇಸಿಗೆ ದಾಟದೆ ಸಸಿ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಅದೇ ಬೇಸಿಗೆಯಲ್ಲಿ ಊರಿನ ಕುಡಿಯುವ ನೀರಿಗೂ ಟ್ಯಾಂಕರೇ ಗತಿ ಎಂಬುದನ್ನು ನೆನೆದರೆ, ಮರಕ್ಕೆ ನೀರು ತಪ್ಪುವುದಕ್ಕೆ ಯಾರನ್ನೂ ಬೈಯಬೇಕಿಲ್ಲ. ಕಡಿಮೆ ಸಂಖ್ಯೆಯಲ್ಲಿ, ಎರಡು ವರ್ಷ ನರ್ಸರಿಯಲ್ಲಿ ಬೆಳೆದ ಎತ್ತರದ ಸಸಿಗಳನ್ನು, ಆಗಸ್ಟ್ ಕೊನೆಯಲ್ಲಿ ನೆಡುವುದು ಈ ಸೀಮೆಗೆ ಹೊಂದುವ ದಾರಿ. ಪಾತಿಯನ್ನು ರಸ್ತೆಯ ಇಳಿಜಾರಿನ ನೀರು ಅದರೊಳಕ್ಕೆ ಬರುವ ಹಾಗೆ ಅರ್ಧಚಂದ್ರಾಕಾರದಲ್ಲಿ ಮಾಡಿ, ಮೇಲೆ ಶೇಂಗಾ ಹೊಟ್ಟು ಹರಡಿದರೆ ತೇವ ಇನ್ನೂ ಕೆಲವು ದಿನ ನಿಲ್ಲುತ್ತದೆ.

ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯನ್ನು ಪ್ರಧಾನಿ ಮನಮೋಹನ್ ಸಿಂಗ್ 2006ರ ಫೆಬ್ರವರಿ 2ರಂದು ಆರಂಭಿಸಿದ್ದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಮುಂದೆ ರಸ್ತೆಬದಿ ನೆಡುವಿಕೆಯ ಬಹುಪಾಲು ಅದರ ಕೂಲಿಯಿಂದಲೇ ನಡೆಯಿತು. ಗುಂಡಿಗೆ ಕೂಲಿ ಕೊಡುವುದರ ಜೊತೆಗೆ ಉಳಿದ ಸಸಿಯ ಲೆಕ್ಕಕ್ಕೆ ಕಾಯುವವನಿಗೆ ತಿಂಗಳ ಹಣ ಕೊಡುವ ಏರ್ಪಾಡು ಇದರಿಂದ ಬಂದ ಒಳ್ಳೆಯ ಹೊಸತು. ಆ ಹಣ ಸಕಾಲಕ್ಕೆ ಬಂದಲ್ಲಿ ಸಾಲು ಉಳಿದಿದೆ.

ಸಸಿಯ ಶತ್ರು ಬಿಸಿಲೊಂದೇ ಅಲ್ಲ. ಹೊಲದಂಚಿನ ಮರದ ನೆರಳಿಗೆ ಶೇಂಗಾ ಸೊರಗುತ್ತದೆ, ಬೇರು ಗೊಬ್ಬರ ಎಳೆಯುತ್ತದೆ ಎಂಬುದು ರೈತನ ದೂರು, ಅದರಲ್ಲಿ ಸುಳ್ಳಿಲ್ಲ. ಅದಕ್ಕೇ ಬದುವಿನ ಹುಲ್ಲು ಸುಡುವ ನೆಪದಲ್ಲಿ ಬುಡಕ್ಕೆ ಬೆಂಕಿ ಬೀಳುತ್ತದೆ, ಕಾಂಡದ ಸುತ್ತ ತೊಗಟೆ ಎದ್ದಿರುತ್ತದೆ. ರಸ್ತೆ ಪೂರ್ವ ಪಶ್ಚಿಮವಾಗಿದ್ದರೆ ಹೊಲಕ್ಕೆ ಹೆಚ್ಚು ನೆರಳು ಬೀಳುವುದು ಉತ್ತರದ ಬದಿಯ ಮರದಿಂದ. ಆ ಬದಿಗೆ ಚಿಕ್ಕ ಹರಹಿನ ಜಾತಿ, ದಕ್ಷಿಣಕ್ಕೆ ದೊಡ್ಡ ಮರ ಎಂದು ಹಂಚಿದರೆ ರಸ್ತೆಗೆ ನೆರಳೂ ಸಿಗುತ್ತದೆ, ಜಗಳವೂ ತಗ್ಗುತ್ತದೆ. ಇಷ್ಟು ಸಣ್ಣ ವಿವೇಕ ನಕ್ಷೆಯ ಹಂತದಲ್ಲೇ ಬೇಕು.

ಹಳಿಯ ಪಕ್ಕ

ಬಳ್ಳಾರಿ–ರಾಯದುರ್ಗ ರೈಲುದಾರಿ 20ನೆಯ ಶತಮಾನದ ಆರಂಭದ್ದು. ಮೀಟರ್ ಗೇಜಾಗಿದ್ದ ಅದು ಈಗ ಬ್ರಾಡ್ ಗೇಜಾಗಿ ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗದ ಮೇಲೆ ಚಿಕ್ಕಜಾಜೂರಿನವರೆಗೆ ಹೋಗುತ್ತದೆ. ಹಳೆಯ ಕಾಲದಲ್ಲಿ ರೈಲ್ವೆ ಎಲ್ಲೆಗೆ ಕತ್ತಾಳೆಯೇ ಬೇಲಿ. ದನ ಒಳನುಗ್ಗುವುದಿಲ್ಲ, ನೀರು ಬೇಡ, ನಾರಿನಿಂದ ಹಗ್ಗ. ಹಳಿಯ ಮಗ್ಗುಲಲ್ಲಿ ದೊಡ್ಡ ಮರ ಸಲ್ಲದು. ಬಿದ್ದರೆ ಅಪಾಯ, ತಿರುವಿನಲ್ಲಿ ಸಿಗ್ನಲ್ ಮರೆಯಾಗುತ್ತದೆ, ವಿದ್ಯುದೀಕರಣವಾದ ಮೇಲೆ 25,000 ವೋಲ್ಟಿನ ತಂತಿಗೆ ರೆಂಬೆ ತಾಗಬಾರದು. ಬೀಳುವಂತಿರುವ ಅಥವಾ ಸಿಗ್ನಲ್ ಮುಚ್ಚುವ ಮರ ಪಕ್ಕದ ಖಾಸಗಿ ಜಮೀನಿನಲ್ಲಿದ್ದರೂ ಒಳಹೊಕ್ಕು ತೆಗೆಯಲು 1989ರ ರೈಲ್ವೆ ಕಾಯ್ದೆ ಅವಕಾಶ ಕೊಡುತ್ತದೆ. ಹಾಗಾಗಿ ಹಳಿಯ ಹತ್ತಿರ ಹುಲ್ಲು, ಆಚೆಗೆ ಪೊದೆ, ಎಲ್ಲೆಯಂಚಿನಲ್ಲಿ ಮಾತ್ರ ಬೇವು, ಹೊಂಗೆ ಎಂಬ ಮೆಟ್ಟಿಲುಕ್ರಮ ಒಳ್ಳೆಯದು. 2007–08ರಲ್ಲಿ ಮಂಜೂರಾದ, ಸುಮಾರು 207 ಕಿ.ಮೀ. ಉದ್ದದ ರಾಯದುರ್ಗ–ತುಮಕೂರು ಹೊಸ ಮಾರ್ಗ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿಗಳನ್ನು ಜೋಡಿಸುತ್ತದೆ. ರಾಯದುರ್ಗ–ಕಲ್ಯಾಣದುರ್ಗ ಭಾಗ ಮೊದಲು ಮುಗಿದಿದೆ. ಮಣ್ಣು ಕಡಿದ ಏರುತಗ್ಗುಗಳ ಮೈ ಹಸಿಯಾಗಿರುವಾಗಲೇ ತಂಗಡಿ, ಲಾವಂಚ, ಕತ್ತಾಳೆ ಕೂರಿಸದಿದ್ದರೆ ಬಳ್ಳಾರಿ ಜಾಲಿ ತಾನೇ ಬಂದು ಕೂರುತ್ತದೆ.

ನೀರಿನ ಅಂಚು

ಕಾಲುವೆ, ಕೆರೆಗಳ ವಿಷಯದಲ್ಲಿ ನಿಯಮ ರಸ್ತೆಗಿಂತ ಕಟ್ಟುನಿಟ್ಟು. ಏರಿಯ ಮೈಮೇಲೆ ದೊಡ್ಡ ಮರ ಬೆಳೆಸಬಾರದು. ಬದುಕಿರುವಾಗ ಬೇರು ಮಣ್ಣು ಹಿಡಿಯುತ್ತದೆ ನಿಜ. ಮರ ಸತ್ತ ಮೇಲೆ ಬೇರು ಕೊಳೆತು ಕೊಳವೆಯಾಗುತ್ತದೆ, ಆ ದಾರಿಯಲ್ಲಿ ನೀರು ಜಿನುಗಿ ಒಂದು ದಿನ ಏರಿ ಒಡೆಯುತ್ತದೆ. ನೆದರ್ಲೆಂಡಿನ ದಿಣ್ಣೆಗಳಲ್ಲೂ ಅಮೆರಿಕದ ಪ್ರವಾಹ ಕಟ್ಟೆಗಳಲ್ಲೂ ಹುಲ್ಲಿಗೇ ಆದ್ಯತೆ ಕೊಡುವುದು ಇದೇ ಕಾರಣಕ್ಕೆ. ನಮ್ಮ ಹಳೆಯ ಏರಿಗಳ ಮೇಲೆ ನಿಂತ ಬೇವು, ಹುಣಸೆಗಳನ್ನು ಕಡಿಯುವುದು ಇನ್ನೂ ಕೆಟ್ಟದ್ದು. ಹಾಗೆಯೇ ಬಿಟ್ಟು, ಹೊಸದನ್ನು ಏರಿಯ ಬುಡದಾಚೆ ನೆಡಬೇಕು. ಏರಿಗೆ ಲಕ್ಕಿ, ಲಾವಂಚ, ಗರಿಕೆ ಸಾಕು. ಕೆರೆಯಂಗಳದ ಮೇಲಂಚಿಗೆ ಗೊಬ್ಬಳಿ ಜಾಲಿ, ಹೊಂಗೆ, ಈಚಲು.

ತುಂಗಭದ್ರಾ ಮೇಲ್ಮಟ್ಟದ ಕಾಲುವೆ ಬೊಮ್ಮನಹಾಳ್, ಕಣೇಕಲ್ಲು ಮಂಡಲಗಳ ಮೂಲಕ ಹೋಗುತ್ತದೆ. ಈ ಭಾಗದಲ್ಲಿ ಸಾಲುಮರಕ್ಕೆ ಹೊರಗಿನಿಂದ ನೀರು ಹೊರಬೇಕಿಲ್ಲ, ಪಸರಿದ ತೇವವೇ ಸಾಕು. ಆದರೂ ಒಂದು ಬದಿಯ ತಪಾಸಣೆ ದಾರಿಯನ್ನು ಹೂಳೆತ್ತುವ ಯಂತ್ರಕ್ಕೆ ಖಾಲಿ ಬಿಟ್ಟು, ಇನ್ನೊಂದು ಬದಿಯ ಹೊರ ಇಳಿಜಾರಿನಲ್ಲಷ್ಟೇ ನೆಡಬೇಕು. ಹಂದ್ರಿ–ನೀವಾ ಯೋಜನೆಯ ಮಡಕಶಿರಾ ಶಾಖಾ ಕಾಲುವೆಗೂ ಇದೇ ಮಾತು ಅನ್ವಯಿಸುತ್ತದೆ.

ಈ ಸೀಮೆಯ ಅತಿ ಕಷ್ಟದ ಜಾಗ ಹಗರಿಯ, ಅಂದರೆ ವೇದಾವತಿಯ, ಪೂರ್ವದಂಡೆ. ಜೂನಿನಿಂದ ಆಗಸ್ಟ್‌ವರೆಗೆ ಬೀಸುವ ನೈಋತ್ಯದ ಗಾಳಿ ಒಣಗಿದ ಹೊಳೆಪಾತ್ರದ ಮರಳನ್ನು ಎತ್ತಿ ಪೂರ್ವದ ಹೊಲಗಳ ಮೇಲೆ ಸುರಿಯುತ್ತದೆ. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲೇ ಇದು ದಾಖಲಾಗಿದೆ. ಬೊಮ್ಮನಹಾಳ್ ಮಂಡಲದ ದರ್ಗಾಹೊನ್ನೂರು, ಗೋವಿಂದವಾಡಗಳ ಬಳಿ ಮರಳು ದಿಬ್ಬಗಳಾಗಿ ನಿಂತಿದೆ. ನೋಡಲು ಬಂದವರು ರಾಜಸ್ಥಾನವೆಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ, ಪಕ್ಕದ ಹೊಲದವನು ಪ್ರತಿ ಆಷಾಢದಲ್ಲಿ ಮರಳು ತೆಗೆಯುತ್ತಾನೆ. ಇಂಥ ಕಡೆ ಒಂಟಿ ಸಾಲು ನಿಲ್ಲುವುದಿಲ್ಲ; ಮರಳು ಬುಡ ಕೆದರಿ ಬೇರು ಹೊರಗೆ ಬರುತ್ತದೆ, ಇಲ್ಲವೇ ಸಸಿ ಹೂತುಹೋಗುತ್ತದೆ. ಮೊದಲು ಕಾಸೆಹುಲ್ಲು, ಬಳ್ಳಿಗಳಿಂದ ಮೇಲ್ಮೈ ಕಟ್ಟಬೇಕು, ಕಡ್ಡಿ ತಟ್ಟಿಗಳನ್ನು ಗಾಳಿಗಡ್ಡವಾಗಿ ನಿಲ್ಲಿಸಬೇಕು. ಆಮೇಲೆ ಗಾಳಿ ಬರುವ ಬದಿಗೆ ಪೊದೆ, ನಡುವೆ ಎತ್ತರದ ಸರ್ವೆ, ಬೇವು, ಹಿಂದೆ ಮತ್ತೆ ಕುಳ್ಳು ಜಾತಿ ಎಂದು ಮೂರರಿಂದ ಐದು ಸಾಲು. ಚೆನ್ನಾಗಿ ಎದ್ದ ಗಾಳಿತಡೆ ತನ್ನ ಎತ್ತರದ ಹತ್ತರಿಂದ ಇಪ್ಪತ್ತರಷ್ಟು ದೂರ ಗಾಳಿಯ ಬಿರುಸನ್ನು ತಗ್ಗಿಸುತ್ತದೆ; 8 ಮೀಟರಿನ ಮರಗಳಿದ್ದರೆ ಹಿಂದಿನ 80 ಮೀಟರು ಹೊಲವಾದರೂ ಉಳಿಯುತ್ತದೆ. ಪೂರ್ತಿ ಗೋಡೆಯಂತೆ ದಟ್ಟವಾಗಿರಬಾರದು, ಸ್ವಲ್ಪ ಗಾಳಿ ತೂರಿಹೋಗಬೇಕು. ಹೊಳೆಯ ಮರಳನ್ನು ಮಿತಿಮೀರಿ ತೆಗೆದು ಅಂತರ್ಜಲ ಇಳಿದಂತೆ ಈ ಸಸಿಗಳನ್ನು ಎಬ್ಬಿಸುವುದು ಇನ್ನೂ ಕಷ್ಟ.

ರೋಗ, ಕೊಡಲಿ, ಕಾನೂನು

ಒಂದೇ ಜಾತಿಯ ಉದ್ದ ಸಾಲಿಗೆ ಒಂದೇ ರೋಗ ಸಾಕು. ಫ್ರಾನ್ಸಿನ ಕನಾಲ್ ದ್ಯು ಮಿದಿ ಕಾಲುವೆಯ ಇಕ್ಕೆಲದ 42,000ದಷ್ಟು ಪ್ಲೇನ್ ಮರಗಳಿಗೆ 2006ರಲ್ಲಿ ಶಿಲೀಂಧ್ರ ರೋಗ ಕಂಡು, ಸಾವಿರಾರು ಮರ ಕಡಿದು ಬೇರೆ ಜಾತಿ ಹಾಕಬೇಕಾಯಿತು. ನಮ್ಮಲ್ಲಿ ಬೇವಿಗೆ ರೆಂಬೆ ತುದಿ ಒಣಗುವ ರೋಗವಿದೆ. 2021ರಲ್ಲಿ ತೆಲಂಗಾಣದ ಉದ್ದಗಲಕ್ಕೂ ಬೇವು ಸುಟ್ಟಂತೆ ಕಂಡಾಗ ಜನ ಬೆದರಿದರು. ಫೋಮಾಪ್ಸಿಸ್ ಶಿಲೀಂಧ್ರ, ಜೊತೆಗೆ ಚಿಗುರು ಹೀರುವ ಸೊಳ್ಳೆತಿಗಣೆ ಕಾರಣ. ಬಹುಪಾಲು ಮರಗಳು ಮತ್ತೆ ಚಿಗುರಿದವು. ನಾಲ್ಕೈದು ಮರಕ್ಕೊಮ್ಮೆ ಜಾತಿ ಬದಲಿಸುವುದು ಇದಕ್ಕೆ ಅಗ್ಗದ ವಿಮೆ.

ರೋಗಕ್ಕಿಂತ ರಸ್ತೆ ವಿಸ್ತರಣೆ ತೆಗೆದ ಮರಗಳೇ ಹೆಚ್ಚು. ಪೆನುಕೊಂಡೆಯ ಮೇಲೆ ಹೋಗುವ ಹೈದರಾಬಾದ್–ಬೆಂಗಳೂರು ಹೆದ್ದಾರಿ ನಾಲ್ಕು ಪಥವಾದಾಗ ಹಳೆಯ ಸಾಲು ಹೋಯಿತು. ಮಧ್ಯದ ವಿಭಜಕದಲ್ಲಿ ಈಗ ಕಣಗಿಲೆ, ಬೋಗನ್‌ವಿಲ್ಲಾ. ಎದುರಿನ ದೀಪದ ಕೋರೈಸುವಿಕೆಯನ್ನು ತಡೆಯುತ್ತವೆ, ಕಣಗಿಲೆಯನ್ನು ದನ ಮುಟ್ಟುವುದಿಲ್ಲ. ಆದರೆ ಅದು ನೆರಳಲ್ಲ. ವೇಗದ ರಸ್ತೆಯ ತೀರಾ ಮಗ್ಗುಲಲ್ಲಿ ದಪ್ಪ ಕಾಂಡವಿದ್ದರೆ ದಾರಿ ಬಿಟ್ಟು ಸರಿದ ಕಾರಿಗೆ ಅದು ಗೋಡೆಯೇ ಎಂಬ ಎಂಜಿನಿಯರರ ವಾದವನ್ನೂ ಒಪ್ಪಬೇಕು. ದಾರಿ ಇದೆ: ಹಳೆಯ ಸಾಲನ್ನು ನಡುವೆ ಉಳಿಸಿ ಹೊಸ ಪಥವನ್ನು ಅದರಾಚೆ ಹಾಕುವುದು. ಹೈದರಾಬಾದ್–ಬಿಜಾಪುರ ರಸ್ತೆಯಲ್ಲಿ ಚೇವೆಳ್ಳದ ಕಡೆಯ ನೂರಾರು ಆಲಗಳಿಗಾಗಿ ಜನ ಹಸಿರು ನ್ಯಾಯಮಂಡಳಿಗೆ ಹೋಗಿ ವಾದಿಸಿದ್ದು ಈ ನಿಟ್ಟಿನಲ್ಲೇ. ಬಂಗಾಳದ ಜೆಸ್ಸೋರ್ ರಸ್ತೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿ 2021ರಲ್ಲಿ ಮರದ ಬೆಲೆಯನ್ನು ಅದರ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿ ಎಂದು ಲೆಕ್ಕ ಹಾಕಿತು. ಆದರೂ 2023ರಲ್ಲಿ ಅಲ್ಲಿನ 356 ಮರ ತೆಗೆಯಲು ಅನುಮತಿ ಸಿಕ್ಕಿತು.

ಆಂಧ್ರದ ಬದಿಯಲ್ಲಿ ಮರ ಕಡಿಯಲು 2002ರ ಜಲ, ಭೂಮಿ ಮತ್ತು ವೃಕ್ಷ ಕಾಯ್ದೆಯ ಪ್ರಕಾರ ಒಪ್ಪಿಗೆ ಬೇಕು. ಊರಿನವರು ಇದನ್ನು ವಾಲ್ಟಾ ಎನ್ನುತ್ತಾರೆ. ಶಿರಾ, ಪಾವಗಡದ ಬದಿಯಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಹೆದ್ದಾರಿಗಳಿಗೆ 2015ರ ಹಸಿರು ಹೆದ್ದಾರಿ ನೀತಿ ಯೋಜನಾ ವೆಚ್ಚದ ಶೇ. 1ರಷ್ಟನ್ನು ಮರಕ್ಕೆ ಮೀಸಲಿಡಬೇಕೆನ್ನುತ್ತದೆ. ಹಣವೂ ಇದೆ, ಕಾನೂನೂ ಇದೆ, ಇಲ್ಲದ್ದು ಹೊಣೆ ಹೊರುವವರು. ಒಂದು ಸಾಲಿನ ನೆಲ ಲೋಕೋಪಯೋಗಿಯದು, ನೆಟ್ಟಿದ್ದು ಅರಣ್ಯ ಇಲಾಖೆ ಅಥವಾ ಪಂಚಾಯಿತಿ, ತಂತಿಯ ಕೆಳಗೆ ಸವರುವುದು ವಿದ್ಯುತ್ತಿನವರು, ಬುಡ ಅಗೆಯುವುದು ಕೇಬಲ್ಲಿನವರು. ಮರ ಸತ್ತಾಗ ಉತ್ತರಿಸುವವರು ಇವರಲ್ಲಿ ಯಾರೂ ಅಲ್ಲ. ಮೇ ತಿಂಗಳಲ್ಲಿ ತಂತಿಗೆ ತಾಗುವ ಒಂದು ಬದಿಯನ್ನಷ್ಟೇ ಬೋಳಿಸಿದ ಮರ ಮುಂದಿನ ಗಾಳಿಗೆ ಇನ್ನೊಂದು ಬದಿಗೆ ವಾಲಿ ಬೀಳುವುದು ಈ ಹಂಚಿಕೆಯ ಫಲ. ಮೊಳೆ ಹೊಡೆದು ಜಾಹೀರಾತು ನೇತುಹಾಕುವುದು, ಬುಡದ ಸುತ್ತ ಕಾಂಕ್ರೀಟ್ ತುಂಬುವುದು ಪಟ್ಟಣದೊಳಗಿನ ಸಾಲುಗಳ ರೋಗ.

ಹಳೆಯ ಬೋರ್ಡಿನ ವ್ಯವಸ್ಥೆಯನ್ನು ಹಾಗೆಯೇ ಮರಳಿ ತರಲಾಗದು. ಅದರ ತಿರುಳನ್ನು ತರಬಹುದು. ಕಿಲೋಮೀಟರಿಗೊಬ್ಬ ಹೊಣೆಗಾರ, ಮರಕ್ಕೊಂದು ಸಂಖ್ಯೆ, ಫಸಲಿನ ಹಣ ಆ ಪಂಚಾಯಿತಿಗೇ, ಗುತ್ತಿಗೆದಾರನಿಗೆ ಕೊನೆಯ ಕಂತು ಐದನೆಯ ವರ್ಷದ ಎಣಿಕೆ ಮುಗಿದ ಮೇಲೆ. ನೆಟ್ಟ ಸಸಿಗಳ ಸಂಖ್ಯೆಯನ್ನು ಪ್ರತಿ ಜುಲೈಯಲ್ಲಿ ಪ್ರಕಟಿಸುವ ಇಲಾಖೆಗಳು ಐದು ವರ್ಷದ ಹಿಂದಿನ ಸಾಲಿನಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಅದರ ಪಕ್ಕದಲ್ಲೇ ಅಚ್ಚು ಹಾಕಬೇಕು.